ಆವೇಶವನ್ನು ಎತ್ತಿಟ್ಟ ಮೇಲೂ

ಪ್ರಿಯ ಲೇಖಕರೇ,

ವಿದ್ಯುತ್ ಕ್ಷೇತ್ರವನ್ನು ಪರಿಚಯಿಸುವ ನಿಮ್ಮ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಫ್ರೆಂಚ್ ವಿಜ್ಞಾನಿ ಕೂಲಂಬ್ 1785ರಲ್ಲಿ ತಿರುಚುವ ತಂತಿಯ ತಕ್ಕಡಿಯಿಂದ ವಿದ್ಯುತ್ ಆವೇಶಗಳ ನಡುವಿನ ಬಲ ಅಳೆದದ್ದನ್ನು ಅಚ್ಚುಕಟ್ಟಾಗಿ ಹೇಳಿದ್ದೀರಿ. ನನ್ನ ತಕರಾರು ಶುರುವಾಗುವುದು ಎರಡನೆಯ ಪುಟದಲ್ಲಿ.

‘ಪರೀಕ್ಷಾ ಆವೇಶವನ್ನು ಇಟ್ಟಾಗ ಆ ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರ ಉಂಟಾಗುತ್ತದೆ.’ ಇಲ್ಲ. ಕ್ಷೇತ್ರ ಮೊದಲೇ ಅಲ್ಲಿರುತ್ತದೆ, ಅದನ್ನು ಉಂಟುಮಾಡಿದ್ದು ಮೂಲ ಆವೇಶ. ಪರೀಕ್ಷಾ ಆವೇಶ ಅದನ್ನು ಅಳೆಯಲು ಬಂದದ್ದು, ಅಷ್ಟೇ: ಅದರ ಮೇಲಿನ ಬಲವನ್ನು ಅದರ ಆವೇಶದಿಂದ ಭಾಗಿಸಿದರೆ ಸಿಗುವುದೇ ಕ್ಷೇತ್ರ.

ಮುಂದಿನ ವಾಕ್ಯಕ್ಕಂತೂ ಪೆನ್ನು ಕೆಳಗಿಟ್ಟೆ: ‘ಆವೇಶವು ಸೂತ್ರದ ಛೇದದಲ್ಲಿರುವುದರಿಂದ ಪರೀಕ್ಷಾ ಆವೇಶ ಹೆಚ್ಚಿದಂತೆ ಕ್ಷೇತ್ರ ಕಡಿಮೆಯಾಗುತ್ತದೆ.’

ನಾನು ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯ ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಒಂದೇ ಮಾತು ಗೀಚುತ್ತಿದ್ದರು: ‘ಎಷ್ಟು?’ ಹೆಚ್ಚುತ್ತದೆ, ಕಡಿಮೆಯಾಗುತ್ತದೆ ಎಂದು ಬರೆದಲ್ಲೆಲ್ಲ ಅದೇ ಪ್ರಶ್ನೆ. ಸಂಖ್ಯೆ ಹಾಕಿ ತೋರಿಸುವವರೆಗೆ ಲೇಖನ ಅವರ ಮೇಜು ಬಿಟ್ಟು ಕದಲುತ್ತಿರಲಿಲ್ಲ. ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಲೆಕ್ಕ ಹಾಕುತ್ತಿದ್ದೆವು. ಈಗ ಅದೇ ಕಾಟ ನಿಮಗೆ.

1 ಮೈಕ್ರೊಕೂಲಂಬ್ ಆವೇಶದಿಂದ 1 ಮೀಟರ್ ದೂರದ ಬಿಂದುವನ್ನು ತೆಗೆದುಕೊಳ್ಳಿ. ಅಲ್ಲಿ 1 ನ್ಯಾನೊಕೂಲಂಬ್ ಇಟ್ಟರೆ ಅದರ ಮೇಲಿನ ಬಲ ಸುಮಾರು 9 ಮೈಕ್ರೊನ್ಯೂಟನ್. 2 ನ್ಯಾನೊಕೂಲಂಬ್ ಇಟ್ಟರೆ 18. ಭಾಗಿಸಿ ನೋಡಿ: ಎರಡು ಸಲವೂ ಪ್ರತಿ ಕೂಲಂಬಿಗೆ 9,000 ನ್ಯೂಟನ್. ಛೇದ ಬೆಳೆದಷ್ಟೇ ಅಂಶವೂ ಬೆಳೆಯಿತು. ಆವೇಶವನ್ನು ಎತ್ತಿಟ್ಟ ಮೇಲೂ ಆ 9,000 ಅಲ್ಲೇ ಇರುತ್ತದೆ. ಹಾಗಾದರೆ ಪರೀಕ್ಷಾ ಆವೇಶ ಚಿಕ್ಕದಾಗಿರಬೇಕು ಎನ್ನುವುದೇಕೆ? ದೊಡ್ಡದಾದರೆ ಅದು ಮೂಲ ಆವೇಶಗಳನ್ನೇ ಅತ್ತಿತ್ತ ತಳ್ಳಿಬಿಡುತ್ತದೆ, ನಾವು ಅಳೆಯಹೊರಟ ಕ್ಷೇತ್ರವೇ ಬದಲಾಗುತ್ತದೆ. ಈ ಕಾರಣ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ವಾಕ್ಯ: ‘ಧನ ಆವೇಶವು ಕ್ಷೇತ್ರ ರೇಖೆಯ ಗುಂಟ ಸಾಗುತ್ತದೆ.’ ಇದನ್ನು ಎಷ್ಟು ಜನ ಬರೆಯುತ್ತಾರೋ! ರೇಖೆ ಹೇಳುವುದು ಬಲದ ದಿಕ್ಕನ್ನು, ಅಂದರೆ ವೇಗೋತ್ಕರ್ಷದ ದಿಕ್ಕನ್ನು. ವೇಗದ ದಿಕ್ಕು ಬೇರೆಯಿರಬಹುದು. ಬಾಗಿದ ರೇಖೆಯ ಮೇಲೆ ಆವೇಶವನ್ನು ನಿಶ್ಚಲವಾಗಿಟ್ಟು ಬಿಡಿ. ಹೊರಡುವುದೇನೋ ರೇಖೆಯ ದಿಕ್ಕಿನಲ್ಲೇ. ಆದರೆ ವೇಗ ಬಂದ ಮೇಲೆ ರೇಖೆಯ ಜೊತೆ ತಿರುಗಬೇಕಾದರೆ ರೇಖೆಗೆ ಅಡ್ಡಲಾಗಿ ಎಳೆಯುವ ಬಲ ಬೇಕು. ರೇಖೆಯ ಮೇಲೆ ಅಂಥ ಬಲ ಇರುವುದೇ ಇಲ್ಲ, ಇರುವ ಬಲವೆಲ್ಲ ಉದ್ದಕ್ಕೆ. ಹಾಗಾಗಿ ಆವೇಶ ತಿರುವಿನ ಹೊರಕ್ಕೆ ಜಾರುತ್ತದೆ. ರೇಖೆಗಳು ನೇರವಾಗಿದ್ದರೂ ನಿಮ್ಮ ವಾಕ್ಯ ಉಳಿಯುವುದಿಲ್ಲ: ಎರಡು ಸಮಾಂತರ ಫಲಕಗಳ ನಡುವೆ ಅಡ್ಡಲಾಗಿ ನುಗ್ಗಿದ ಆವೇಶ ರೇಖೆಗಳನ್ನು ದಾಟುತ್ತಾ ಪರವಲಯದಲ್ಲಿ ಸಾಗುತ್ತದೆ. ನಿಶ್ಚಲವಾಗಿ ಇಲ್ಲವೇ ರೇಖೆಯ ದಿಕ್ಕಿನಲ್ಲೇ ಹೊರಟ ಆವೇಶ, ನೇರ ರೇಖೆ, ಬೇರೆ ಬಲವಿಲ್ಲ: ಈ ಮೂರೂ ಕೂಡಿದಾಗ ಮಾತ್ರ ನೀವು ಬರೆದದ್ದು ನಿಜ.

ಕ್ಷೇತ್ರ ರೇಖೆಗಳ ಕಲ್ಪನೆ ಕೊಟ್ಟ ವಿಜ್ಞಾನಿ ಫ್ಯಾರಡೆಯ ಭಾಗದ ಬಗ್ಗೆ ನಾನೇನೂ ಹೇಳುವುದಿಲ್ಲ, ಇದ್ದಂತೆ ಇರಲಿ. ಮೇಲೆ ಹೇಳಿದ ವಾಕ್ಯಗಳನ್ನು ಮಾತ್ರ ತಿದ್ದದೆ ಅಚ್ಚಿಗೆ ಕೊಡಲಾರೆ. ಹಾಗೆಯೇ ನಿಮ್ಮ ಚಿತ್ರದ ಬಲ ಮೂಲೆಯಲ್ಲಿ ಎರಡು ರೇಖೆಗಳು ಒಂದನ್ನೊಂದು ಕತ್ತರಿಸಿವೆ. ಅಲ್ಲಿಟ್ಟ ಆವೇಶದ ಮೇಲೆ ಬಲ ಯಾವ ದಿಕ್ಕಿಗೆ? ಅದನ್ನೂ ಹೊಸದಾಗಿ ಬರೆದು ಕಳುಹಿಸಿ.

ಇಂತು,
ಸಂಪಾದಕ