ತುಟಿ ಉಬ್ಬಿಸುವ ನಾಯಕಿಯರು

ಪ್ರಶ್ನೆ: ಇತ್ತೀಚೆಗೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಚೀನಾದ ಧಾರಾವಾಹಿ ನೋಡುವ ಹುಚ್ಚು ಹತ್ತಿದೆ. ಕಥೆ ಚೆನ್ನಾಗಿರುತ್ತದೆ, ಆ ಬಟ್ಟೆಬರೆ ನೋಡಲು ಎರಡು ಕಣ್ಣು ಸಾಲದು. ಆದರೆ ನಾಯಕಿ ಬಾಯಿ ಬಿಟ್ಟರೆ ಮೈ ಉರಿಯುತ್ತದೆ. ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುವ ಹುಡುಗಿ ತುಟಿ ಉಬ್ಬಿಸಿ, ಕಾಲು ನೆಲಕ್ಕೆ ಬಡಿದು, ಮೂಗಿನಲ್ಲಿ ರಾಗ ಎಳೆಯುತ್ತಾಳೆ. ಅಲ್ಲಿನ ಹೆಂಗಸರು ನಿಜವಾಗಲೂ ಹೀಗೇನಾ?
– ಓದುಗಿ, ಹಾಸನ

ಉತ್ತರ: ಇಲ್ಲ ತಾಯಿ. ನಮ್ಮ ಧಾರಾವಾಹಿ ನೋಡಿ, ಕನ್ನಡದ ಸೊಸೆಯರೆಲ್ಲ ರೇಷ್ಮೆ ಸೀರೆ ಉಟ್ಟೇ ಮಲಗುತ್ತಾರೆ ಅಂದುಕೊಂಡ ಹಾಗಾಯಿತು.

ಹೀಗೆ ಮುದ್ದುಗರೆದು ಕೆಲಸ ಸಾಧಿಸುವುದಕ್ಕೆ ಅಲ್ಲಿ 'ಸಾಜಿಯಾವ್' ಅನ್ನುತ್ತಾರೆ. ಜೋಡಿಗಳ ನಡುವೆ ಅದೊಂದು ಸಲಿಗೆಯ ಆಟ. ಹುಡುಗಿ ಮುನಿಯಬೇಕು, ಹುಡುಗ ರಮಿಸಬೇಕು. ಅದನ್ನು ಕಂಡರಾಗದವರು ಅಲ್ಲೂ ಬೇಕಾದಷ್ಟು ಜನ ಇದ್ದಾರೆ. 2014ರಲ್ಲಿ ನಿರ್ದೇಶಕ ಪಾಂಗ್ ಹೋ-ಚುಂಗ್ ಇದರ ಮೇಲೆಯೇ 'ವಿಮೆನ್ ಹೂ ಫ್ಲರ್ಟ್' ಅನ್ನುವ ಸಿನಿಮಾ ಮಾಡಿದರು. ನಟಿ ಝೌ ಶುನ್ ಅದರಲ್ಲಿ ಗಂಡುಬೀರಿ. ಅವಳು ಮನಸ್ಸಿಟ್ಟ ಹುಡುಗನನ್ನು ಮುದ್ದುಮಾತಿನ ಇನ್ನೊಬ್ಬಳು ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಊಟದ ಮೇಜಿಗೆ ಮೊಲದ ಮಾಂಸ ಬಂದಾಗ, 'ಮೊಲಮರಿ ಅಷ್ಟು ಮುದ್ದಾಗಿರುತ್ತೆ, ಅದನ್ನ ತಿನ್ನೋದಾ?' ಎಂದು ಆ ಇನ್ನೊಬ್ಬಳು ರಾಗ ಎಳೆಯುತ್ತಾಳೆ. ಆ ಒಂದು ಮಾತನ್ನು ಹಿಡಿದು ಚೀನಾದ ಜನರೇ ಹೊಟ್ಟೆತುಂಬ ಗೇಲಿ ಮಾಡಿದರು.

ಇನ್ನು ನಿಮ್ಮ ಮೈ ಉರಿಸುವುದು ಅರ್ಧ ಆ ದನಿ, ಅಲ್ವಾ? ಎಷ್ಟೋ ಸಲ ಅದು ನಟಿಯದ್ದೇ ಅಲ್ಲ. ಹೆಂಗ್‌ದಿಯನ್‌ನಂಥ ಸ್ಟುಡಿಯೋಗಳಲ್ಲಿ ಅಕ್ಕಪಕ್ಕದಲ್ಲೇ ಹಲವು ಶೂಟಿಂಗ್ ನಡೆಯುತ್ತವೆ, ಗಲಾಟೆ ಜಾಸ್ತಿ. ನಟರ ಮಾತಿನ ಧಾಟಿಯೂ ಒಬ್ಬೊಬ್ಬರದು ಒಂದೊಂದು ಊರಿನದು. ಹಾಗಾಗಿ ಆಮೇಲೆ ಡಬ್ಬಿಂಗ್ ಕಲಾವಿದರು ದನಿ ಕೊಡುತ್ತಾರೆ. ನಮಗೇನೂ ಇದು ಹೊಸದಲ್ಲ ಬಿಡಿ, ಹೊರಗಿನಿಂದ ಬಂದ ಎಷ್ಟು ನಾಯಕಿಯರು ಕನ್ನಡದಲ್ಲಿ ಬೇರೆಯವರ ದನಿಯಲ್ಲಿ ಮಾತಾಡಿಲ್ಲ! ಚೀನಾದಲ್ಲಿ ಪ್ರೇಮಕಥೆ ಅಂದ ಕೂಡಲೇ ದನಿ ಎಲ್ಕೆಜಿಗೆ ಇಳಿಯುತ್ತದೆ. ನಟಿಯ ಮುಖದಲ್ಲಿ ಇಲ್ಲದ ಮುನಿಸೂ ನಮ್ಮ ಕಿವಿಗೆ ಬೀಳುತ್ತದೆ.

ನನ್ನ ತಕರಾರು ಮಾತ್ರ ತುಟಿಯ ಮೇಲಲ್ಲ, ಬರೆಯುವವರ ಮೇಲೆ. 'ಎಂಪ್ರೆಸಸ್ ಇನ್ ದಿ ಪ್ಯಾಲೇಸ್' (2011) ಧಾರಾವಾಹಿ ನೋಡಿ. ಅದರಲ್ಲಿ ಜಿಯಾಂಗ್ ಶಿನ್ ಮಾಡಿದ ಹುವಾ ರಾಣಿ, ಚಕ್ರವರ್ತಿ ಎದುರಿಗಿದ್ದರೆ ಸಣ್ಣ ಹುಡುಗಿಯ ಹಾಗೆ ಮುನಿಯುತ್ತಾಳೆ. ಅವನು ಆಚೆ ಹೋದನೋ ಇಲ್ಲವೋ, ಉಳಿದ ರಾಣಿಯರಿಗೆ ನಡುಕ. ಆ ಮುದ್ದಿನಲ್ಲಿ ಲೆಕ್ಕಾಚಾರ ಇದೆ, ಅಣ್ಣ ಸೇನಾಪತಿ ಅನ್ನುವ ಸೊಕ್ಕಿದೆ, ನಿಜವಾದ ಪ್ರೀತಿಯೂ ಇದೆ. ತನಗೆ ಮಕ್ಕಳಾಗದ ಹಾಗೆ ಧೂಪದಲ್ಲಿ ಮದ್ದು ಬೆರೆಸಿ ಕೊಟ್ಟವನು ಆ ಚಕ್ರವರ್ತಿಯೇ ಅಂತ ಗೊತ್ತಾದಾಗ, ಅಷ್ಟು ಕೆಟ್ಟವಳಾದರೂ ಅವಳಿಗಾಗಿ ಕರುಳು ಚುರ್ ಅನ್ನುತ್ತದೆ. ನೀವು ನೋಡುತ್ತಿರುವವಳೋ, ಸುಮ್ನೆ ಎಡವುತ್ತಾಳೆ, ಹುಡುಗ ಹಿಡಿದುಕೊಳ್ಳುತ್ತಾನೆ. ಆಫೀಸಿನಲ್ಲಿ ಏನು ಕೆಲಸ ಮಾಡುತ್ತಾಳೆ ಅಂತ ಹತ್ತು ಕಂತು ಕಳೆದರೂ ತಿಳಿಯುವುದಿಲ್ಲ.

ಪ್ರಶ್ನೆ: ಗಂಡಸರು ಹೀಗೆ ತುಟಿ ಉಬ್ಬಿಸಿದರೆ ನೋಡೋಕಾಗುತ್ತಾ?
– ಓದುಗ, ತುಮಕೂರು

ಉತ್ತರ: ಧಾರಾಳವಾಗಿ. 'ಲವ್ ಬಿಟ್ವೀನ್ ಫೇರಿ ಅಂಡ್ ಡೆವಿಲ್' (2022) ಧಾರಾವಾಹಿ ಹಾಕಿಕೊಳ್ಳಿ. ಅಲ್ಲಿನ ಪುಟ್ಟ ದೇವಕನ್ಯೆಯಾಗಿ ಯು ಶುಶಿನ್ ಎಷ್ಟು ಮುದ್ದುಗರೆಯುತ್ತಾಳೆ ಅಂದರೆ, ಕೆಲವರು ಮೊದಲ ಕಂತಿಗೇ ಕೈಮುಗಿದು ಎದ್ದುಹೋಗುತ್ತಾರೆ. ಸ್ವಲ್ಪ ತಾಳಿ. ಅವಳ ಜೀವ ಅಸುರರಾಜನ ಮೈಗೆ, ಅವನದು ಅವಳ ಮೈಗೆ ಅದಲುಬದಲಾಗುತ್ತದೆ. ಅಸುರರಾಜನ ಪಾತ್ರದ, ಕಪ್ಪು ನಿಲುವಂಗಿಯ ಆರಡಿ ಆಳು ವಾಂಗ್ ಹೆದಿ ಬಿಕ್ಕುತ್ತಾ, ಮುಖ ಊದಿಸುತ್ತಾ ಓಡಾಡುವುದನ್ನು ನೋಡಿ ನಾನು ಕಾಫಿ ಚೆಲ್ಲಿಕೊಂಡೆ. ಇತ್ತ ಅದೇ ಯು ಶುಶಿನ್ ಹುಬ್ಬು ಕೂಡ ಅಲ್ಲಾಡಿಸದೆ, ಎದುರಿಗಿದ್ದವರನ್ನು ಕಣ್ಣಲ್ಲೇ ಸುಡುತ್ತಾಳೆ. ನಟಿಗೆ ಬರುತ್ತದೆ ಸ್ವಾಮಿ, ಕೇಳುವವರಿಲ್ಲ ಅಷ್ಟೆ.

ಪ್ರಶ್ನೆ: ಇವನ್ನೆಲ್ಲ ನೋಡಿ ನನ್ನ ಮಗಳೂ ಅದೇ ಧಾಟಿಯಲ್ಲಿ ಹೊಸ ಫೋನ್ ಕೇಳುತ್ತಿದ್ದಾಳೆ. ಏನು ಮಾಡಲಿ?
– ಓದುಗಿ, ಮೈಸೂರು

ಉತ್ತರ: ಕೊಡಿಸಬೇಡಿ. ಮಾಮೂಲಿ ದನಿ ತಾನಾಗೇ ವಾಪಸ್ ಬರುತ್ತದೆ.