ಹಳೇ ಕಾಬೂಲ್ ಫೋಟೋಗಳಲ್ಲಿ ಕಾಣದ ಹೆಂಗಸರು

ನಿಮ್ಮ ಪ್ರಶ್ನೆ ಇದು: 'ಎಪ್ಪತ್ತರ ದಶಕದ ಕಾಬೂಲ್ ಫೋಟೋಗಳಲ್ಲಿ ಹುಡುಗಿಯರು ಮಿನಿ ಸ್ಕರ್ಟ್ ಹಾಕಿಕೊಂಡು ಓಡಾಡುತ್ತಿದ್ದಾರೆ. ಅಷ್ಟು ಮುಂದಿದ್ದ ದೇಶ ಹೀಗೆ ಹೇಗಾಯಿತು? ಧರ್ಮವೇ ಕಾರಣವಾ?'

ಆ ಫೋಟೋಗಳು ನನ್ನ ವಾಟ್ಸಾಪಿಗೂ ವರ್ಷಕ್ಕೆ ಎರಡು ಸಲವಾದರೂ ಬರುತ್ತವೆ. ಸುಳ್ಳು ಫೋಟೋಗಳಲ್ಲ. ಆದರೆ ಅವು ಕಾಬೂಲಿನ ಕೆಲವೇ ಬೀದಿಗಳದ್ದು, ಓದಿದ, ಅನುಕೂಲಸ್ಥ ಮನೆಗಳ ಹುಡುಗಿಯರದ್ದು. ಅದೇ ಹೊತ್ತಿಗೆ ಬಹಳಷ್ಟು ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯೇ ಇರಲಿಲ್ಲ. ಅಪ್ಪ ತೆರ (ಹುಡುಗಿಗಾಗಿ ಗಂಡಿನ ಕಡೆಯವರು ಕೊಡುವ ಹಣ) ತೆಗೆದುಕೊಂಡು ಮದುವೆ ಮಾಡಿಕೊಡುತ್ತಿದ್ದ. ಆ ಹುಡುಗಿಯ ಫೋಟೋವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

ಬಟ್ಟೆ ಬಿಟ್ಟು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಅಲ್ಲಿ ಹೆಂಗಸರಿಗೆ ಹಕ್ಕು ಬಂದದ್ದು ಹೆಚ್ಚಾಗಿ ಮೇಲಿನವರ ಹುಕುಂನಿಂದ. ಹೋದದ್ದೂ ಹಾಗೇ.

1919ರಲ್ಲಿ ಪಟ್ಟಕ್ಕೆ ಬಂದ ಅಮಾನುಲ್ಲಾ ಮತ್ತು ಅವನ ರಾಣಿ ಸೊರಾಯಾ 1921ರಲ್ಲಿ ಕಾಬೂಲಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1928ರಲ್ಲಿ ಕೆಲವು ಹುಡುಗಿಯರನ್ನು ಓದಲು ಟರ್ಕಿಗೂ ಕಳಿಸಿದರು. ಅಷ್ಟರಲ್ಲಿ ದಂಗೆ ಎದ್ದಿತು. ಶಾಲೆ ಮುಚ್ಚಿತು, ರಾಜ ಪಟ್ಟ ಬಿಟ್ಟು ಓಡಿದ. (ಹೋಗುವ ದಾರಿಯಲ್ಲಿ ಮುಂಬೈಯಲ್ಲಿ ಅವರಿಗೆ ಮಗಳು ಹುಟ್ಟಿದಳು. ಅವಳ ಹೆಸರು ಇಂಡಿಯಾ!) ಮೂವತ್ತು ವರ್ಷ ಕಳೆದು, 1959ರಲ್ಲಿ ಪ್ರಧಾನಿ ದಾವೂದ್ ಖಾನ್ ಸ್ವಾತಂತ್ರ್ಯೋತ್ಸವದ ವೇದಿಕೆಗೆ ರಾಜಮನೆತನದ ಹೆಂಗಸರನ್ನು ಪರದೆ ಇಲ್ಲದೆ ಕರೆತಂದ. 1964ರ ಸಂವಿಧಾನ ಹೆಂಗಸರಿಗೆ ವೋಟು ಕೊಟ್ಟಿತು. ಮರುವರ್ಷ ನಾಲ್ವರು ಹೆಂಗಸರು ಸಂಸತ್ತಿಗೆ ಗೆದ್ದು ಬಂದರು. 1978ರಲ್ಲಿ ಬಂದ ಕಮ್ಯುನಿಸ್ಟರು ತೆರಕ್ಕೆ ಮಿತಿ ಹಾಕಿದರು, ಹುಡುಗಿಯ ಮದುವೆಗೆ 16 ವರ್ಷ ಎಂದರು. ಒಳ್ಳೆಯ ಕಾನೂನೇ. ಆದರೆ ಅದನ್ನು ಹಳ್ಳಿಗೆ ಒಯ್ದವರ ಕೈಯಲ್ಲಿ ಬಂದೂಕಿತ್ತು. ಹೆಣ್ಣುಮಕ್ಕಳ ಓದು ಅಂದರೆ ಸರ್ಕಾರದ ದಬ್ಬಾಳಿಕೆ ಅಂತ ಅನೇಕ ಹಳ್ಳಿಯವರ ತಲೆಯಲ್ಲಿ ಕೂತಿತು. ಆಮೇಲೆ ಒಳನುಗ್ಗಿದ ಸೋವಿಯತ್ ಸೇನೆ, ಅದರ ವಿರುದ್ಧ ಎದ್ದ ಮುಜಾಹಿದೀನ್ ಗುಂಪುಗಳ ಕಾದಾಟ, 1996ರಲ್ಲಿ ಕಾಬೂಲ್ ಹಿಡಿದ ತಾಲಿಬಾನ್ ನಿಮಗೆ ಗೊತ್ತೇ ಇದೆ.

2001ರಲ್ಲಿ ಅಮೆರಿಕ ತಾಲಿಬಾನನ್ನು ಇಳಿಸಿದ ನಂತರ ಹೆಂಗಸರಿಗೆ ಸಿಕ್ಕಿದ್ದನ್ನೂ ಅಮೆರಿಕದ ಕೊಡುಗೆ ಅಂತ ಸುಮ್ನೆ ತಳ್ಳಿಹಾಕುತ್ತಾರೆ. 2004ರ ಸಂವಿಧಾನ ಸಂಸತ್ತಿನ ಕೆಳಮನೆಯ 249 ಸೀಟುಗಳಲ್ಲಿ 68ನ್ನು ಹೆಂಗಸರಿಗೆ ಇಟ್ಟಿತು, ಸರಿ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ಗುರುತಿನ ಚೀಟಿಯ ಕತೆ. ಅಲ್ಲಿ ಹೊರಗಿನವರ ಮುಂದೆ ಹೆಂಗಸಿನ ಹೆಸರು ಹೇಳುವುದೇ ಮರ್ಯಾದೆಗೇಡು ಅನ್ನುವ ಮನೆಗಳು ಜಾಸ್ತಿ. ಮದುವೆ ಕರೆಯೋಲೆಯಲ್ಲಿ ಮದುಮಗಳ ಹೆಸರಿಲ್ಲ, 'ಇಂಥವರ ಮಗಳು' ಅಷ್ಟೇ. ಗೋರಿಯ ಕಲ್ಲಿನ ಮೇಲೂ ಎಷ್ಟೋ ಸಲ ಹೆಸರಿಲ್ಲ. 2017ರಲ್ಲಿ ಲಾಲೆ ಒಸ್ಮಾನಿ ಮತ್ತು ಗೆಳತಿಯರು 'ನನ್ನ ಹೆಸರೆಲ್ಲಿ?' ಅಂತ ಅಭಿಯಾನ ಶುರು ಮಾಡಿದರು. ಬೈಗುಳ, ಬೆದರಿಕೆ ಎಲ್ಲ ಬಂತು. 2020ರಲ್ಲಿ ಕಾನೂನು ತಿದ್ದುಪಡಿಯಾಗಿ, ತಜ್ಕಿರಾ ಎಂಬ ಗುರುತಿನ ಚೀಟಿಯಲ್ಲಿ ಅಪ್ಪನ ಹೆಸರಿನ ಜೊತೆ ಅಮ್ಮನ ಹೆಸರೂ ಸೇರಲು ಒಪ್ಪಿಗೆ ಸಿಕ್ಕಿತು. ಇದು ಯಾರ ಹುಕುಂನಿಂದಲೂ ಶುರುವಾದದ್ದಲ್ಲ. ಅಲ್ಲಿನ ಹೆಣ್ಣುಮಕ್ಕಳೇ ಜಗಳ ಮಾಡಿ ಪಡೆದದ್ದು.

ಮರುವರ್ಷ ಆಗಸ್ಟ್ 15ಕ್ಕೆ ತಾಲಿಬಾನ್ ಕಾಬೂಲಿಗೆ ಬಂತು.

2022ರ ಮಾರ್ಚ್ 23ರಂದು ಹುಡುಗಿಯರ ಹೈಸ್ಕೂಲು ಮತ್ತೆ ತೆರೆಯುತ್ತದೆ ಎಂದಿದ್ದರು. ಹುಡುಗಿಯರು ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹೋದರು. ಕೆಲವೇ ಗಂಟೆಗಳಲ್ಲಿ ಅಳುತ್ತಾ ವಾಪಸ್ ಬಂದರು. ಆ ಡಿಸೆಂಬರಿನಲ್ಲಿ ಯೂನಿವರ್ಸಿಟಿಗಳೂ ಹೆಣ್ಣುಮಕ್ಕಳಿಗೆ ಮುಚ್ಚಿದವು. 2024ರ ಡಿಸೆಂಬರಿನಲ್ಲಿ ನರ್ಸ್ ಮತ್ತು ಸೂಲಗಿತ್ತಿ ತರಬೇತಿಯೂ ನಿಂತಿತು. ಇದು ನನಗೆ ಅರ್ಥವೇ ಆಗುವುದಿಲ್ಲ. ಗಂಡಸು ಡಾಕ್ಟರು ಹೆಂಗಸನ್ನು ಮುಟ್ಟಬಾರದು ಅನ್ನುವವರೂ ಅವರೇ, ಹೆಂಗಸು ವೈದ್ಯ ಕಲಿಯಬಾರದು ಅನ್ನುವವರೂ ಅವರೇ. ಹಾಗಾದರೆ ಹೆರಿಗೆ ಮಾಡಿಸುವವರು ಯಾರು?

ಧರ್ಮದ ಪ್ರಶ್ನೆಗೆ ಬರುತ್ತೇನೆ. ಮುಸ್ಲಿಮರು ಹೆಚ್ಚಿರುವ ಬೇರೆ ಯಾವ ದೇಶವೂ ಹುಡುಗಿಯರಿಗೆ ಹೈಸ್ಕೂಲು ನಿಷೇಧಿಸಿಲ್ಲ. ತಾಲಿಬಾನ್ ಒಳಗೂ ಒಮ್ಮತವಿಲ್ಲ. ಅವರದೇ ಆಗಿನ ವಿದೇಶಾಂಗ ಉಪಸಚಿವ ಸ್ಟಾನಿಕ್‌ಜಾಯ್ (ಹಿಂದೆ ನಮ್ಮ ಡೆಹ್ರಾಡೂನ್ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಪಡೆದವನು) 2025ರ ಜನವರಿಯಲ್ಲಿ ಈ ನಿಷೇಧಕ್ಕೆ ಯಾವ ಸಬೂಬೂ ಇಲ್ಲ ಎಂದು ಬಹಿರಂಗವಾಗಿ ಹೇಳಿದ. ಕಂದಹಾರಿನಲ್ಲಿ ಕೂತ ನಾಯಕ ಹೈಬತುಲ್ಲಾ ಅಖುಂದಜಾದಾ ಜಗ್ಗಲಿಲ್ಲ. 2025ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಅವನ ಮೇಲೆ ವಾರಂಟ್ ಹೊರಡಿಸಿತು. ಅವನನ್ನು ಹಿಡಿದು ತರುವವರು ಯಾರೂ ಇಲ್ಲ, ಅದು ಬೇರೆ ಮಾತು.

ನೀವು ಕ್ರಿಕೆಟ್ ನೋಡುವವರಾದರೆ ಇನ್ನೊಂದು. ಅಫ್ಘಾನಿಸ್ತಾನ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಲ್ಲೇ, 2018ರ ಜೂನ್‌ನಲ್ಲಿ. ನಾನು ಮೂರನೇ ದಿನಕ್ಕೆ ಟಿಕೆಟ್ ತಗೊಂಡಿದ್ದೆ. ಮ್ಯಾಚು ಎರಡೇ ದಿನಕ್ಕೆ ಮುಗಿಯಿತು! ಆಗ ಅವರ ಮಹಿಳಾ ತಂಡದ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. 2020ರ ನವೆಂಬರಿನಲ್ಲಿ ಅವರ ಬೋರ್ಡು 25 ಆಟಗಾರ್ತಿಯರಿಗೆ ಒಪ್ಪಂದ ಕೊಟ್ಟಿತ್ತು. ಒಂದು ವರ್ಷವೂ ಉಳಿಯಲಿಲ್ಲ. ಹೆಚ್ಚಿನವರು ಆಸ್ಟ್ರೇಲಿಯಾಕ್ಕೆ ಓಡಿಹೋದರು. 2025ರ ಜನವರಿ 30ರಂದು ಮೆಲ್ಬರ್ನಿನಲ್ಲಿ ಒಂದೇ ತಂಡವಾಗಿ ಒಂದು ಟಿ20 ಆಡಿದರು. ಅದು ಪ್ರದರ್ಶನ ಪಂದ್ಯ. ಆ ರನ್ನುಗಳು ಅಫ್ಘಾನಿಸ್ತಾನದ ಲೆಕ್ಕಕ್ಕೆ ಸೇರುವುದಿಲ್ಲ.