ಅಂತರ್ಜಾಲ, ಅಂತರ್ಜಲ ಮತ್ತು ಒಂದು ಪೊಟ್ಟಣ

ಓದುಗರ ಪತ್ರ: ಕಳೆದ ಸಂಚಿಕೆಯ ಕಂಪ್ಯೂಟರ್ ಲೇಖನದಲ್ಲಿ ನೋಡ್, ಪ್ಯಾಕೆಟ್, ಸರ್ವರ್, ಮೋಡೆಮ್ ಅಂತ ಸಾಲಾಗಿ ಇಂಗ್ಲಿಷ್ ಶಬ್ದಗಳು. ಕಾಸರಗೋಡಿನಲ್ಲಿ ಕನ್ನಡ ಪತ್ರಿಕೆ ನಡೆಸುವವರೇ ಹೀಗೆ ಬರೆದರೆ ಹೇಗೆ? ಇನ್ನೊಂದು ಮಾತು. ‘ಅಂತರ್’ ಅಂದರೆ ಒಳಗೆ. ಇಂಟರ್‌ನೆಟ್ ಒಳಗಿನ ಜಾಲ ಅಲ್ಲವಲ್ಲ. ಹಾಗಾದರೆ ‘ಅಂತರ್ಜಾಲ’ ತಪ್ಪಲ್ಲವೇ?
– ನಿವೃತ್ತ ಅಧ್ಯಾಪಕ, ಪೆರ್ಲ

ಮಾಷ್ಟ್ರಿಗೆ ನಮಸ್ಕಾರ.

ಮೊದಲು ಒಂದು ತಪ್ಪೊಪ್ಪಿಗೆ. ಹಿಂದೊಮ್ಮೆ ಬಾಯಾರಿನಲ್ಲಿ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳ ಬಗ್ಗೆ ಬರೆದಾಗ “ಬೇಸಿಗೆಯಲ್ಲಿ ಅಂತರ್ಜಾಲದ ಮಟ್ಟ ಇಳಿಯುತ್ತದೆ” ಎಂದು ಅಚ್ಚು ಹಾಕಿದ್ದೆವು. ಅಂತರ್ಜಲಕ್ಕೆ ಒಂದು ದೀರ್ಘ ಜಾಸ್ತಿಯಾಗಿತ್ತು. ನಿಮ್ಮ ಕಣ್ಣಿಗೆ ಅದು ಬೀಳಲಿಲ್ಲ, ಅಥವಾ ಬಿದ್ದರೂ ದೊಡ್ಡ ಮನಸ್ಸು ಮಾಡಿದಿರಿ. ನಮ್ಮಲ್ಲಿ ಅಂತರ್ಜಾಲ ಬತ್ತುವುದು ಮಳೆಗಾಲದಲ್ಲಿ, ಆ ಮಾತು ಬೇರೆ.

ಈಗ ನಿಮ್ಮ ‘ಅಂತರ್’. ಸಂಸ್ಕೃತದಲ್ಲಿ ಅದಕ್ಕೆ ‘ಒಳಗೆ’ ಅನ್ನುವ ಅರ್ಥದ ಜೊತೆ ‘ನಡುವೆ’ ಅನ್ನುವ ಅರ್ಥವೂ ಇದೆ. ಲ್ಯಾಟಿನ್ನಿನ ‘ಇಂಟರ್’ ಮತ್ತು ಇದು ಒಂದೇ ಬೇರಿನಿಂದ ಬಂದವು. ನೀವು ಜಗಳ ಹಚ್ಚಿದ್ದು ದಾಯಾದಿಗಳ ನಡುವೆ! ‘ಇಂಟರ್‌ನೆಟ್’ ಅನ್ನುವ ಶಬ್ದ 1974ರ ಡಿಸೆಂಬರಿನ ಒಂದು ತಾಂತ್ರಿಕ ಬರಹದ ತಲೆಬರಹದಲ್ಲೇ ಇದೆ. ಬರೆದವರು ವಿಂಟ್ ಸರ್ಫ್, ಕಾರ್ಲ್ ಸನ್‌ಶೈನ್ ಮತ್ತು ಐಐಟಿ ಬಾಂಬೆಯಲ್ಲಿ ಓದಿದ ಯೋಗೇನ್ ದಲಾಲ್. ಬೇರೆ ಬೇರೆಯವರು ತಮತಮಗೆ ಬೇಕಾದಂತೆ ನೇಯ್ದ ಬಲೆಗಳನ್ನು ಒಂದಕ್ಕೊಂದು ಜೋಡಿಸುವುದು ಹೇಗೆ ಅನ್ನುವುದೇ ಅವರ ತಲೆನೋವು. ಹಾಗಾಗಿ ಅಂತರ್ಜಾಲ ಸರಿಯೇ. ಅಂತರಜಾಲ ಅಂತ ಬರೆಯುವವರೂ ಇದ್ದಾರೆ. ಅದರಲ್ಲಿ ನೀರು ನುಗ್ಗುವ ಭಯ ಸ್ವಲ್ಪ ಕಮ್ಮಿ.

ಇಂಗ್ಲಿಷ್ ಶಬ್ದಗಳ ವಿಷಯದಲ್ಲಿ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಜಾಲಕ್ಕೆ ಸೇರಿದ ಒಂದೊಂದು ಯಂತ್ರಕ್ಕೂ ಹೇಳುವ ‘ನೋಡ್’ ಅಂದರೆ ಲ್ಯಾಟಿನ್ನಿನಲ್ಲಿ ಸುಮ್ನೆ ಗಂಟು. ಕಸಬಾ ಕಡಪ್ಪುರದಲ್ಲಿ ಬಲೆ ಸರಿ ಮಾಡುವವರ ಹತ್ತಿರ ಕೂತರೆ ಇದು ಕಣ್ಣಿಗೇ ಕಾಣುತ್ತದೆ. ಒಂದು ಗಂಟು ಹರಿದರೆ ಬಲೆ ಪೂರ್ತಿ ಬಿಚ್ಚಿಹೋಗುವುದಿಲ್ಲ, ಸುತ್ತಲಿನ ಗಂಟುಗಳು ಹಿಡಿದುಕೊಳ್ಳುತ್ತವೆ. ಕಂಪ್ಯೂಟರುಗಳ ಬಲೆ ಹೆಣೆದವರಿಗೂ ಬೇಕಾಗಿದ್ದದ್ದು ಅದೇ. ನಾವು ‘ಗಂಟು’ ಅಂತ ಬರೆಯಬಹುದಿತ್ತು. ಉದಾಸೀನ ಮಾಡಿದೆವು.

‘ಪ್ಯಾಕೆಟ್’ ಕತೆ ಇನ್ನೂ ಚಂದ. 1960ರ ದಶಕದಲ್ಲಿ ಬ್ರಿಟನ್ನಿನ ಡೊನಾಲ್ಡ್ ಡೇವಿಸ್, ಸಂದೇಶವನ್ನು ಸಣ್ಣ ತುಂಡು ಮಾಡಿ ಕಳಿಸುವ ಉಪಾಯ ಯೋಚಿಸಿದರು. ಆ ತುಂಡಿಗೆ ಏನು ಹೆಸರಿಡುವುದು? ಬೇರೆ ಭಾಷೆಗಳಿಗೂ ಸುಲಭವಾಗಿ ಹೋಗುವ ಶಬ್ದ ಬೇಕು ಅಂತ ಭಾಷೆ ಬಲ್ಲವರನ್ನು ಕೇಳಿ ‘ಪ್ಯಾಕೆಟ್’ ಆರಿಸಿದರು. ಅವರು ಅಷ್ಟು ಮುತುವರ್ಜಿ ವಹಿಸಿದ ಮೇಲೂ ನಾವು ‘ಪೊಟ್ಟಣ’ ಅನ್ನಲಿಲ್ಲ, ಅಲ್ವಾ?

ಅದು ಕೆಲಸ ಮಾಡುವ ಬಗೆ ನಮ್ಮ ಬಸ್ಸುಗಳಲ್ಲಿ ಹೇಳುವುದೇ ಸುಲಭ. ನೀವು 100 ಪುಟದ ಹಸ್ತಪ್ರತಿಯನ್ನು ಪೆರ್ಲದಿಂದ ಮಂಗಳೂರಿಗೆ ಕಳಿಸಬೇಕು. ಹತ್ತು ಪೊಟ್ಟಣ ಕಟ್ಟುತ್ತೀರಿ. ಪ್ರತಿಯೊಂದರ ಮೇಲೂ ವಿಳಾಸ, ಎಷ್ಟನೆಯ ಪೊಟ್ಟಣ ಅನ್ನುವ ಅಂಕಿ. ನಾಲ್ಕು ವಿಟ್ಲ, ಕಲ್ಲಡ್ಕದ ಮೇಲೆ ಹೋಗುತ್ತವೆ. ಉಳಿದವು ಬದಿಯಡ್ಕ, ಕುಂಬಳೆಯ ಮೇಲೆ. ಎಂಟನೆಯದು ಮೂರನೆಯದಕ್ಕಿಂತ ಮೊದಲು ಮುಟ್ಟಬಹುದು. ಅಡ್ಡಿಯಿಲ್ಲ, ಅಂಕಿ ನೋಡಿ ಜೋಡಿಸುತ್ತಾರೆ. ಆರನೆಯದು ಬರಲೇ ಇಲ್ಲವೋ, ಅದೊಂದನ್ನೇ ಇನ್ನೊಮ್ಮೆ ಕಳಿಸಿದರಾಯಿತು. ಕುಂಬಳೆಯಲ್ಲಿ ರಸ್ತೆ ಬಂದ್ ಆದರೆ ಎಲ್ಲವೂ ವಿಟ್ಲದ ಕಡೆಗೆ. ಹೀಗೆ ದಾರಿ ನೋಡಿ ಹತ್ತಿಸಿ ಬಿಡುವ ಕೆಲಸ ರೌಟರಿನದು. ಹಳೆಯ ಟೆಲಿಫೋನಿನಲ್ಲಾದರೆ ನಿಮ್ಮೊಬ್ಬರಿಗೆ ಇಡೀ ರಸ್ತೆ ಖಾಲಿ ಮಾಡಿಡಬೇಕಿತ್ತು, ನೀವು ಮಾತಾಡದೆ ಸುಮ್ಮನೆ ಕೂತರೂ.

ಆದರೆ ‘ಸರ್ವರ್’ ಬಿಡಲು ನನಗೆ ಮನಸ್ಸಿಲ್ಲ. ಅರ್ಥ ನೋಡಿದರೆ ಬಡಿಸುವವ, ಕೇಳಿದವರಿಗೆ ಕೇಳಿದ್ದನ್ನು ಕೊಡುವವ. ಆದರೆ ಅರ್ಜಿ ಹಾಕಲು ಹೋದ ಅಜ್ಜಿಯೂ “ಸರ್ವರ್ ಇಲ್ವಂತೆ, ನಾಳೆ ಬರ್ಬೇಕಂತೆ” ಅನ್ನುತ್ತಾರೆ. ಅಜ್ಜಿಯ ಬಾಯಿಗೆ ಬಂದ ಮೇಲೆ ಅದು ಕನ್ನಡವೇ.

‘ಮೋಡೆಮ್’ ಅಂತೂ ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎರಡರ ತುಂಡು ಸೇರಿಸಿದ ಶಬ್ದ. ಅಂಕಿಗಳನ್ನು ಸದ್ದು ಮಾಡಿ ಫೋನಿನ ತಂತಿಗೆ ಹಾಕುವುದು, ಬಂದ ಸದ್ದನ್ನು ಮತ್ತೆ ಅಂಕಿ ಮಾಡುವುದು. ನಮ್ಮ ದೇಶದಲ್ಲಿ ಆಗಿನ ಸರಕಾರಿ ಕಂಪೆನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು, ಅದೂ ದೊಡ್ಡ ಪೇಟೆಗಳಲ್ಲಿ. ನಮ್ಮ ಕಚೇರಿಗೆ ಮೋಡೆಮ್ ಬಂದದ್ದು ಎಷ್ಟೋ ವರ್ಷ ತಡವಾಗಿ. ಕೀಂಯ್ ಅಂತ ಕಿರುಚಿ, ಗೊರಗೊರ ಅಂದು ಆಚೆಯ ಮೋಡೆಮಿನ ಜೊತೆ ಒಪ್ಪಂದಕ್ಕೆ ಬರುತ್ತಿತ್ತು. ಎಷ್ಟು ಚೆನ್ನಾಗಿ ಓಡಿದರೂ ಸೆಕೆಂಡಿಗೆ 56 ಕಿಲೋಬಿಟ್. ಒಂದು ಎಂಬಿಯ ಫೋಟೊಗೆ ಎರಡೂವರೆ ನಿಮಿಷ. ಅಷ್ಟು ಹೊತ್ತು ಫೋನ್ ಎಂಗೇಜ್. ಜಾಹೀರಾತು ಕೊಡುವವರು ಬೈಯುತ್ತಿದ್ದರು.

ಇನ್ನು ಮುಂದೆ ನಮ್ಮಲ್ಲಿ ನೋಡ್ ‘ಗಂಟು’, ಪ್ಯಾಕೆಟ್ ‘ಪೊಟ್ಟಣ’. ಸರ್ವರ್, ಮೋಡೆಮ್ ಇದ್ದ ಹಾಗೇ. ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಗೇಟ್‌ವೇಗೆ, ದೋಣಿ ದಾಟುವ ಜಾಗದ ಹೆಸರಿಟ್ಟು ‘ಕಡವು’ ಅಂದರೆ ಹೇಗೆ? ಈ ದಡದ ದಾರಿ ಮುಗಿದು ಆ ದಡದ ದಾರಿ ಶುರುವಾಗುವ ಜಾಗ ತಾನೆ ಅದು? ಒಪ್ಪಿಗೆಯೋ ಇಲ್ಲವೋ, ಒಂದು ಕಾರ್ಡು ಹಾಕಿ.

– ಸಂಪಾದಕ